ಲೇಔಟಿನೋರು ಹಳ್ಳ ಮುಚ್ಚಿದಾರೆ, ನಮ್ಮ ಗದ್ದೆ ಮುಳುಗ್ತಿದೆ. ಯಾರಿಗೆ ಅರ್ಜಿ ಕೊಡ್ಬೇಕು?

ಗದ್ದೆಬಯಲು:
ನಮಸ್ಕಾರ ಎಲ್ರಿಗೂ. ನಮ್ದು ಶಿವಮೊಗ್ಗ ಪಕ್ಕದ ಹಳ್ಳಿ, ನಾಲೆ ಕೆಳಗಿನ ಭತ್ತದ ಗದ್ದೆ. ಸೋಗಾನೆ ಏರ್ಪೋರ್ಟ್ 2023ರ ಫೆಬ್ರವರಿಲಿ ಉದ್ಘಾಟನೆ ಆಯ್ತಲ್ಲ, ಆಮೇಲಂತೂ ಬ್ರೋಕರ್‌ಗಳು ಮನೆ ಬಾಗ್ಲಿಗೇ ಬರ್ತಾರೆ, ನಮ್ಮ ಮೇಲಿನ ಗದ್ದೆಯೋರು ಮಾರಿದ್ರು, ತಗೊಂಡೋರು ಲಾರಿಗಟ್ಲೆ ಮಣ್ಣು ಸುರಿದು ಎತ್ತರ ಮಾಡಿ ಸೈಟ್ ಹಾಕಿದಾರೆ. ಮಧ್ಯೆ ಇದ್ದ ಹಳ್ಳ ಈಗ ಸಣ್ಣ ಪೈಪು. ಮಳೆಗಾಲದಲ್ಲಿ ಆ ನೀರೆಲ್ಲ ನಮ್ಮ ಸಸಿಮಡಿಗೆ ನುಗ್ಗತ್ತೆ, ಬೇಸಿಗೆ ಬೆಳೆಗೆ ನೋಡಿದ್ರೆ ಹೊಲಗಾಲುವೇನೂ ಮುಚ್ಚಿ ನಾಲೆ ನೀರೇ ಬರಲ್ಲ. ಅಪ್ಪಾಜಿ ಮಾರಲ್ಲ ಅಂತಾರೆ, ನನಗೂ ಮಾರೋ ಮನಸ್ಸಿಲ್ಲ. ದಾರಿ ಇದ್ರೆ ಹೇಳಿ.

ತುಂಗಾತೀರ:
ಮೊದ್ಲು ಫೋನಲ್ಲಿ ದಿಶಾಂಕ್ ಆ್ಯಪ್ ಹಾಕ್ಕೊಂಡು ಆ ಜಾಗದಲ್ಲೇ ನಿಂತು ಸರ್ವೆ ನಂಬರ್ ನೋಡಿ, ಆಮೇಲೆ ಗ್ರಾಮ ನಕ್ಷೆ ತೆಗೆಸಿ. ನಕ್ಷೆಲಿ ಹಳ್ಳ ಇದ್ದು ಪಹಣಿಲಿ ಬ ಖರಾಬು (ಸಾಗುವಳಿಗೆ ಸೇರದ ಸಾರ್ವಜನಿಕ ಜಾಗ) ಅಂತ ಬಂದಿದ್ರೆ ಅದು ಸಾರ್ವಜನಿಕರದ್ದು, ಯಾರೂ ಕೊಳ್ಳೋ ಹಾಗಿಲ್ಲ ಮುಚ್ಚೋ ಹಾಗಿಲ್ಲ, ತಹಸೀಲ್ದಾರ್‌ಗೆ ಒತ್ತುವರಿ ಅರ್ಜಿ ಕೊಡಿ, ಸರ್ವೆ ಮಾಡಿಸಿ ತೆರವು ಮಾಡಿಸೋ ಅಧಿಕಾರ ಅವ್ರಿಗಿದೆ. ಹೊಲಗಾಲುವೆ ಮಾತ್ರ ಬೇರೆ ವಿಷ್ಯ ಕಣ್ರೀ, ಖಾಸಗಿ ಗದ್ದೆ ಮೇಲೆ ಹಾದ್ಹೋಗಿದ್ರೆ ನಕ್ಷೆಲಿ ಕಾಣದೇ ಇರ್ಬೋದು, ಆದ್ರೆ 20 ವರ್ಷಕ್ಕಿಂತ ಜಾಸ್ತಿ ತಕರಾರಿಲ್ದೆ ನೀರು ಹಾಯಿಸ್ಕೊಂಡ್ ಬಂದಿದ್ರೆ ಹಕ್ಕು ನಿಮ್ದೇ, ಅದಕ್ಕೆ ವಕೀಲರು ಬೇಕಾಗತ್ತೆ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ತಗೊಳ್ದೆ ಮಾತ್ರ ಹೊರಗೆ ಬರ್ಬೇಡಿ.

ಹೊಸಮನೆ:
ನಾನು ಇಂಥದ್ದೇ ಒಂದು ಲೇಔಟಲ್ಲಿ ಮನೆ ಕಟ್ಟಿರೋನು, ಊರು ಬೇರೆ. ದಯವಿಟ್ಟು ಸೈಟ್ ತಗೊಂಡೋರನ್ನೆಲ್ಲ ಶತ್ರು ಅನ್ಕೋಬೇಡಿ, ಮಳೆ ಜೋರಾದ್ರೆ ನಮ್ಮ ರಸ್ತೇಲೂ ಮೊಣಕಾಲುದ್ದ ನೀರು, ಗದ್ದೆ ನೀರು ಕುಡೀತಿತ್ತು ಕಾಂಕ್ರೀಟ್ ಕುಡಿಯಲ್ಲ. ಅಲ್ಲಿ ಮನೆ ಮಾಡಿರೋರನ್ನೂ ಸೇರಿಸ್ಕೊಂಡು ಜಂಟಿ ಅರ್ಜಿ ಹಾಕಿ. ಸೂಡಾದಲ್ಲಿ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಆದ ಲೇಔಟ್ ಆದ್ರೆ ಆ ನಕ್ಷೆಯ ಪ್ರತಿ ಮಾಹಿತಿ ಹಕ್ಕಲ್ಲಿ ಕೇಳಿ, ಚರಂಡಿ ಎಲ್ಲಿಗೆ ಬಿಡ್ತೀವಿ ಅಂತ ತೋರಿಸಿದಾರೆ ನೋಡಿ. 500 ಚದರ ಮೀಟರ್ ದಾಟಿದ ಲೇಔಟ್ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿರ್ಬೇಕು, ಅದರ ವೆಬ್‌ಸೈಟಲ್ಲೂ ಹುಡುಕಿ.

ಅಡಿಕೆತೋಟ:
ಎಲ್ಲ ಸರಿ, ಆದ್ರೆ ಊರು ಬೆಳೀಬಾರ್ದು ಅಂತ ಯಾರೂ ಹೇಳ್ತಿಲ್ಲ ಮಾರಾಯ್ರೆ. 2011ರ ಜನಗಣತಿಲೇ ಶಿವಮೊಗ್ಗ ಪೇಟೆಲಿ 3 ಲಕ್ಷ 22 ಸಾವಿರ ಜನ ಇದ್ರು, ಮಕ್ಕಳಿಗೆ ಮನೆ ಬೇಡ್ವಾ. ಗುಡ್ಡದ ಕಡೆಯ ಒಣಭೂಮಿ ಬಿಟ್ಟು ನಾಲೆ ನೀರಿನ ಗದ್ದೆಗೇ ಕೈ ಹಾಕ್ತಾರಲ್ಲ ಅದೇ ಹೊಟ್ಟೆ ಉರಿಯೋದು. ಸಮ ಇರತ್ತೆ, ರಸ್ತೆ ಪಕ್ಕ ಇರತ್ತೆ, ಸೈಟ್ ಮಾಡೋದು ಸುಲಭ, ಅಷ್ಟೇ ಕಾರಣ.

ಗದ್ದೆಬಯಲು:
ಎಲ್ರಿಗೂ ಧನ್ಯವಾದ. ದಿಶಾಂಕಲ್ಲಿ ನೋಡ್ದೆ, ಹಳ್ಳ ಸ್ಪಷ್ಟವಾಗಿ ಇದೆ. ಆ ಲೇಔಟಿನ ಇಬ್ರು ಸಹಿ ಹಾಕ್ತೀವಿ ಅಂದಿದಾರೆ, ಸೋಮವಾರ ತಾಲೂಕು ಆಫೀಸಿಗೆ ಹೋಗ್ತೀವಿ.

ತುಂಗಾತೀರ:
ಸರ್ವೆಗೆ ಬರೋ ದಿನ ಅಪ್ಪಾಜಿನ ಖಂಡಿತ ಕರ್ಕೊಂಡ್ ಹೋಗಿ. ಹಳ್ಳ ಮೊದ್ಲು ಎಷ್ಟು ಅಗಲ ಇತ್ತು, ಗಡಿ ಕಲ್ಲು ಎಲ್ಲಿತ್ತು ಅಂತ ಅವ್ರಿಗೇ ಗೊತ್ತಿರೋದು, ಪಂಚನಾಮೆಲಿ ಅವ್ರ ಹೇಳಿಕೆ ಬರೆಸಿ.