ಕೆರೆಯ ಪಾಚಿ ತೆಗೆಸಲು ವಂತಿಗೆ: ಸದಸ್ಯರ ಅಭಿಪ್ರಾಯಕ್ಕಾಗಿ

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಬಡಾವಣೆಯ ಕೆಳಗಿನ ಕೆರೆ ಯುಗಾದಿ ಕಳೆದ ಮೇಲೆ ಹಸಿರುಗಟ್ಟಿ ನಾರುತ್ತಿರುವುದನ್ನೂ ಕಳೆದ ವಾರ ಮೀನುಗಳು ಸತ್ತು ತೇಲಿದ್ದನ್ನೂ ತಾವೆಲ್ಲ ಕಂಡಿದ್ದೀರಿ. ಮಳೆಗಾಲಕ್ಕೆ ಮುಂಚೆ ಯಂತ್ರ ತರಿಸಿ ಪಾಚಿ, ಕಳೆ ತೆಗೆಸಲು ಮನೆಮನೆಯಿಂದ ವಂತಿಗೆ ಎತ್ತುವ ಪ್ರಸ್ತಾಪವಿದೆ. ಅಭಿಪ್ರಾಯ ತಿಳಿಸಿ.

ನಿವೃತ್ತ ವಿಜ್ಞಾನ ಶಿಕ್ಷಕರು, ಎರಡನೇ ಅಡ್ಡರಸ್ತೆ:
ವಂತಿಗೆಗೆ ನನ್ನ ಅಡ್ಡಿಯಿಲ್ಲ. ಆದರೆ ಪಾಚಿಯನ್ನಷ್ಟೇ ತೆಗೆಸಿದರೆ ಮುಂದಿನ ಬೇಸಿಗೆಗೆ ಮತ್ತೆ ವಂತಿಗೆ ಎತ್ತಬೇಕಾಗುತ್ತದೆ. ಸಿಹಿನೀರಿನಲ್ಲಿ ಪಾಚಿ ಮಿತಿಮೀರದಂತೆ ತಡೆಯುವುದು ಸಾಮಾನ್ಯವಾಗಿ ಫಾಸ್ಫರಸ್ ಎಂಬ ಪೋಷಕಾಂಶದ ಕೊರತೆ. ಶೌಚದ ನೀರು, ಸೋಪಿನ ಪುಡಿ, ಗೊಬ್ಬರ ತೊಳೆದು ಬರುವ ಮಳೆನೀರು ಆ ಕೊರತೆಯನ್ನು ನೀಗಿಸಿಬಿಡುತ್ತವೆ. ಹಾಗೆ ಬೆಳೆದ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಖರ್ಚಾಗುತ್ತದೆ. ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ಮೀನುಗಳು ಹೆಚ್ಚಾಗಿ ಸಾಯುವುದು ಬೆಳಗಿನ ಜಾವಕ್ಕೆ.

ಕೆರೆ ಚಿಕ್ಕದು, ಅದಕ್ಕೇ ಹೀಗಾಯಿತು ಎನ್ನಬೇಡಿ. ಉತ್ತರ ಅಮೆರಿಕದ ಈರಿ ಸರೋವರದ ವಿಸ್ತಾರ ನಮ್ಮ ಇಡೀ ಕೊಡಗು ಜಿಲ್ಲೆಯ ಆರು ಪಟ್ಟು. 1960ರ ದಶಕದಲ್ಲಿ ಅದೂ ಪಾಚಿಯಿಂದ ಹಾಳಾಗಿತ್ತು. 1972ರಲ್ಲಿ ಅಮೆರಿಕ, ಕೆನಡಾ ಒಪ್ಪಂದ ಮಾಡಿಕೊಂಡು ಪಟ್ಟಣಗಳ ಕೊಳಚೆಯ ಫಾಸ್ಫರಸ್ಸಿಗೆ ಕಡಿವಾಣ ಹಾಕಿದ ಮೇಲೆ ಬಹಳಷ್ಟು ಚೇತರಿಸಿಕೊಂಡಿತು. ಹೊಲಗಳ ಗೊಬ್ಬರ ಮಾತ್ರ ಹರಿದುಬರುತ್ತಲೇ ಇತ್ತು. 2014ರ ಆಗಸ್ಟ್‌ನಲ್ಲಿ, ಆ ಸರೋವರದಿಂದಲೇ ಕುಡಿಯುವ ನೀರು ಪಡೆಯುವ ಅಮೆರಿಕದ ಟೊಲೀಡೊ ನಗರದ ನೀರಿನಲ್ಲಿ ಪಾಚಿಯ ವಿಷ ಕಂಡುಬಂದು, ಸುಮಾರು 4 ಲಕ್ಷ ಜನರಿಗೆ ನಲ್ಲಿನೀರನ್ನು ಕುದಿಸಿಯೂ ಕುಡಿಯಬಾರದೆಂದು ಸಾರಬೇಕಾಯಿತು.

ಕಾಫಿ ಬೆಳೆಗಾರರು, ಮೇಲಿನ ರಸ್ತೆ:
ಮೇಷ್ಟ್ರೇ, ಮಾತು ತೋಟದ ಕಡೆಗೆ ತಿರುಗುತ್ತಿರುವುದರಿಂದ ಹೇಳುತ್ತಿದ್ದೇನೆ. ನಮ್ಮಲ್ಲಿ ಪಲ್ಪಿಂಗ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯುವ ಕೆಲಸ, ಫೆಬ್ರವರಿಗೇ ಮುಗಿದಿದೆ, ಕೆರೆ ಹಸಿರಾದದ್ದು ಏಪ್ರಿಲ್‌ನಲ್ಲಿ. ಮನೆಗಳ ಶೌಚಗುಂಡಿಯ ನೀರು ಚರಂಡಿಗೆ ಹರಿಯುವುದನ್ನು ಬಿಟ್ಟು ಬೆಳೆಗಾರರನ್ನು ದೂರುವುದು ನ್ಯಾಯವಲ್ಲ.

ನಿವೃತ್ತ ವಿಜ್ಞಾನ ಶಿಕ್ಷಕರು:
ಚರಂಡಿಯ ವಿಷಯದಲ್ಲಿ ತಮ್ಮ ಮಾತು ಸರಿ. ಆದರೆ ತಿಂಗಳ ಲೆಕ್ಕ ಅಷ್ಟು ಸರಳವಲ್ಲ. ಪಲ್ಪಿಂಗ್ ನೀರಿನಲ್ಲಿರುವ ಸಕ್ಕರೆ, ಲೋಳೆ ಕೊಳೆಯುತ್ತ ಕೆರೆಯ ತಳದ ಆಮ್ಲಜನಕವನ್ನು ತಿಂದುಹಾಕುತ್ತವೆ. ಆಗ ಹೂಳಿನ ಕಬ್ಬಿಣಕ್ಕೆ ಅಂಟಿಕೊಂಡಿದ್ದ ಹಳೆಯ ಫಾಸ್ಫರಸ್ ಬಿಡಿಸಿಕೊಂಡು ನೀರಿಗೆ ಸೇರುತ್ತದೆ. ಮೇಲೆ ಬಿಸಿಲೇರಿದರೆ, ಕಾಫಿ ಹೂ ಅರಳಿಸುವ ಹೂಮಳೆಯೊಂದಿಗೆ ಗೊಬ್ಬರವೂ ಇಳಿದುಬಂದರೆ, ಪಾಚಿಗೆ ಇನ್ನೇನು ಬೇಕು? ಒಳಹರಿವನ್ನು ಸರಿಪಡಿಸಿದ ಮೇಲೂ ಹೂಳಿನಿಂದ ಫಾಸ್ಫರಸ್ ಕೆಲವು ವರ್ಷ ಬರುತ್ತಲೇ ಇರುತ್ತದೆ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೇಸರಿಸಬಾರದು.

ಕೆರೆ ಬದಿಯ ಮನೆಯವರು:
ನಮ್ಮ ಸಾಲಿನ ಮನೆಗಳ ಬಚ್ಚಲು ನೀರು ನೇರವಾಗಿ ಚರಂಡಿಗೇ ಹೋಗುತ್ತಿದೆ. ಇಂಗುಗುಂಡಿ ತೆಗೆಸಲು ನಾವು ಸಿದ್ಧ. ಆದರೆ ಕೆರೆಗೆ ಇಷ್ಟು ಹತ್ತಿರ ತೆಗೆಯಬಹುದೇ ಎಂದು ತಿಳಿದವರು ಬಂದು ನೋಡಬೇಕು. ಅಲ್ಲಿಯವರೆಗೆ ಮಕ್ಕಳನ್ನೂ ದನಕರುಗಳನ್ನೂ ನೀರಿಗೆ ಬಿಡಬೇಡಿ.

ಕಾಫಿ ಬೆಳೆಗಾರರು:
ಹಾಗಿದ್ದರೆ ಮುಂದಿನ ಕೊಯ್ಲಿಗೆ ಮೊದಲು ಪಲ್ಪಿಂಗ್ ನೀರನ್ನು ಕೆರೆಗೆ ಹರಿಯುವ ತೋಡಿಗೆ (ಹಳ್ಳಕ್ಕೆ) ಬಿಡದೆ ಹೊಂಡದಲ್ಲಿ ನಿಲ್ಲಿಸುವ ಬಗ್ಗೆ ಅಕ್ಕಪಕ್ಕದ ತೋಟದವರೊಂದಿಗೆ ನಾನೇ ಮಾತನಾಡುತ್ತೇನೆ. ಚರಂಡಿಗೆ ನೀರು ಬಿಡುವ ಮನೆಗಳ ಪಟ್ಟಿಯನ್ನೂ ಅಷ್ಟೇ ಕಟ್ಟುನಿಟ್ಟಾಗಿ ಮಾಡಿ.

ಸಂಘದ ಕಾರ್ಯದರ್ಶಿ:
ವಂತಿಗೆಯನ್ನು ಸದ್ಯಕ್ಕೆ ತಡೆಹಿಡಿಯೋಣ. ಭಾನುವಾರ ಬೆಳಿಗ್ಗೆ 7 ಗಂಟೆಗೆ ಮೇಲಿನ ಮೋರಿಯಿಂದ ಹೊರಟು ಕೆರೆಯವರೆಗೆ ತೋಡಿನ ಗುಂಟ ನಡೆದು, ನೀರು ಸೇರುವ ಪ್ರತಿಯೊಂದು ಕೊಳವೆಯನ್ನೂ ಫೋಟೋ ಸಹಿತ ಗುರುತಿಸೋಣ. ಆ ಪಟ್ಟಿಯನ್ನು ಇಟ್ಟುಕೊಂಡೇ ಸ್ಥಳೀಯ ಆಡಳಿತಕ್ಕೆ ಮನವಿ ಬರೆಯೋಣ. ಬರುವವರು ಇಲ್ಲಿಯೇ ತಿಳಿಸಿ.