ರೇಡಿಯೇಶನ್ ನಡೆದಾಗ ಭೇದಿ: ಕ್ಯಾಪ್ಸೂಲ್ ಕೊಡಬೇಕಾ, ಮಜ್ಜಿಗೆ ಸಾಕಾ?

ಗದಗದಿಂದ ಪ್ರಶ್ನೆ: ಅವ್ವನಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಹುಬ್ಬಳ್ಳಿಯಲ್ಲಿ ರೇಡಿಯೇಶನ್ ನಡೆದಿದೆ, ಈಗ ಮೂರನೇ ವಾರ. ಭೇದಿ ಶುರುವಾಗಿದೆ. ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾ ಸತ್ತಿವೆ, ಪ್ರೋಬಯಾಟಿಕ್ ಕ್ಯಾಪ್ಸೂಲ್ ಕೊಡಿ ಅಂತ ಸಂಬಂಧಿಕರು ಹೇಳುತ್ತಿದ್ದಾರೆ. ಕೊಡಬಹುದಾ? ಊಟಕ್ಕೆ ಏನು ಮಾಡಲಿ?

ಹುಬ್ಬಳ್ಳಿಯಿಂದ: ಅಕ್ಕಾರ, ನಮ್ಮ ಅತ್ತೆಗೂ ಇದೇ ಚಿಕಿತ್ಸೆ ಆಯಿತು. ಎರಡು-ಮೂರನೇ ವಾರಕ್ಕೆ ಭೇದಿ ಬಹಳ ಜನರಿಗೆ ಬರುತ್ತದೆ, ಗಾಬರಿಯಾಗಬೇಡಿ. ಕರುಳಿನ ಒಳಪದರ ಮೂರರಿಂದ ಐದು ದಿನಕ್ಕೆ ಹೊಸದಾಗುತ್ತಾ ಇರುತ್ತದೆ. ಹಾಗೆ ಬೇಗ ಬೆಳೆಯುವ ಜೀವಕೋಶಗಳಿಗೇ ಕಿರಣದ ಪೆಟ್ಟು ಜಾಸ್ತಿ. ಬ್ಯಾಕ್ಟೀರಿಯಾಗಳ ಬಗೆಯೂ ಕಡಿಮೆಯಾಗುತ್ತದೆ. ನಾರು ತಿಂದು ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ ಕುಗ್ಗುತ್ತವೆ, ದೊಡ್ಡ ಕರುಳಿನ ಗೋಡೆಗೆ ಆ ಬ್ಯುಟಿರೇಟೇ ಆಹಾರ. ನಿಮ್ಮ ಸಂಬಂಧಿಕರ ಮಾತಿನಲ್ಲಿ ಹುರುಳಿದೆ, ಆದರೆ ಅದು ಅರ್ಧ ಮಾತ್ರ.

ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆ ಬ್ಯಾಕ್ಟೀರಿಯಾ ಇರುವ ಪ್ರೋಬಯಾಟಿಕ್ ಕ್ಯಾಪ್ಸೂಲ್ ಕೆಳಹೊಟ್ಟೆಯ ರೇಡಿಯೇಶನ್‌ನ ಭೇದಿ ತಡೆಯಲು ನೆರವಾಗಬಹುದು. ಆದರೆ ಅವ್ವನಿಗೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧ ಕೂಡ ಕೊಡುತ್ತಿದ್ದರೆ ಬಿಳಿ ರಕ್ತಕಣ ಇಳಿದಿರಬಹುದು. ಆಗ ಜೀವಂತ ಬ್ಯಾಕ್ಟೀರಿಯಾ ನುಂಗಿಸಿದರೆ ಅಪರೂಪಕ್ಕೆ ಸೋಂಕಾಗುತ್ತದೆ. ಅಂಗಡಿಯಿಂದ ಸುಮ್ನೆ ತಂದು ಕೊಡಬೇಡಿ. ರಕ್ತ ಪರೀಕ್ಷೆಯ ಚೀಟಿ ಹಿಡಿದು ಡಾಕ್ಟರನ್ನು ಕೇಳಿ, ಮನೆಯ ಮೊಸರಿನ ಬಗ್ಗೆಯೂ ಅಲ್ಲೇ ಕೇಳಿ.

ನಮ್ಮ ಅತ್ತೆಗೆ ಡಾಕ್ಟರ್ ಮಜ್ಜಿಗೆಗೆ ಒಪ್ಪಿದರು. ಈ ಸಮಯದಲ್ಲಿ ಹಾಲು ಅರಗುವುದು ಕಷ್ಟ, ಹೊಟ್ಟೆ ಉಬ್ಬುತ್ತದೆ. ಮಜ್ಜಿಗೆ ಅವರ ಹೊಟ್ಟೆಗೆ ಒಗ್ಗುತ್ತಿತ್ತು. ರೊಟ್ಟಿ ಬಿಡಿಸಿದ್ದೇ ದೊಡ್ಡ ಕೆಲಸ. "ರೊಟ್ಟಿ ಇಲ್ದ ಊಟ ಊಟನಾ?" ಅಂತ ತಾಟು ಆಚೆ ಸರಿಸುತ್ತಿದ್ದರು. ಅನ್ನವನ್ನು ಗಂಜಿಯ ಹಾಗೆ ಬೇಯಿಸಿ, ಹೆಸರುಬೇಳೆಯ ತಿಳಿ ಕಟ್ಟು, ಉಪ್ಪು, ಚೂರು ಜೀರಿಗೆ ಹಾಕಿ ಬಿಸಿಬಿಸಿ ಕೊಟ್ಟಾಗ ನಿಧಾನಕ್ಕೆ ತಿಂದರು. ಬಾಳೆಹಣ್ಣು ಹಿಡಿಸಿತು. ಕಾಳು ಪಲ್ಯ, ಹಸಿ ಉಳ್ಳಾಗಡ್ಡಿ, ಕೆಂಪು ಚಟ್ನಿ ಸದ್ಯಕ್ಕೆ ಬೇಡ.

ಹಾವೇರಿಯಿಂದ: ನೀರು ಮರೀಬೇಡಿ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಕಾಸಿ ಆರಿಸಿದ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು. ರೇಡಿಯೇಶನ್ ನಡೆದಾಗ ಭೇದಿಯ ಹೆದರಿಕೆಗೆ ನಮ್ಮ ತಂದೆ ನೀರೇ ಕುಡಿಯುತ್ತಿರಲಿಲ್ಲ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಎಲ್ಲಿ ಇಳಿಯಬೇಕಾಗುತ್ತದೋ ಅನ್ನುವ ಚಿಂತೆ. ಆದರೆ ಮೂತ್ರಕೋಶ ತುಂಬಿಸಿ ಮಲಗಿಸಿದರೆ ಸಣ್ಣ ಕರುಳು ಮೇಲೆ ಸರಿಯುತ್ತದೆ, ಅದರ ಮೇಲೆ ಕಿರಣ ಕಡಿಮೆ ಬೀಳುತ್ತದೆ. ಇದನ್ನು ಟೆಕ್ನಿಷಿಯನ್ ಬಿಡಿಸಿ ಹೇಳಿದ ಮೇಲೆ ಅವರೇ ಬಾಟಲಿ ಕೇಳಿ ಇಸಿದುಕೊಂಡು ಕುಡಿಯತೊಡಗಿದರು.

ಧಾರವಾಡದಿಂದ: ನಾನು ಚಿಕಿತ್ಸೆ ಮುಗಿಸಿದವಳು. ಭೇದಿ ಕೆಲವು ವಾರಗಳಲ್ಲಿ ಇಳಿಯಿತು. ಆಮೇಲೆ ನಾರಿನ ಊಟ ಒಂದೊಂದಾಗಿ ವಾಪಸ್ ತಂದೆ, ಮೊದಲು ಬೇಯಿಸಿದ ಸೋರೆಕಾಯಿ, ಕೊನೆಗೆ ರೊಟ್ಟಿ. ತಿಂಗಳುಗಟ್ಟಲೆ ನಿಲ್ಲದಿದ್ದರೆ ಸಹಿಸಿಕೊಂಡು ಕೂರಬೇಡಿ. ಕರುಳು ಪಿತ್ತರಸವನ್ನು ಸರಿಯಾಗಿ ವಾಪಸ್ ಹೀರದಿದ್ದರೂ ಹಾಗಾಗುತ್ತದೆ, ಅದಕ್ಕೆ ಔಷಧ ಇದೆ. ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಮಾತ್ರೆ ಕೇಳದೆ ಕೊಡಬೇಡಿ, ಉಳಿದ ಒಳ್ಳೆ ಬ್ಯಾಕ್ಟೀರಿಯಾಗೂ ಅದು ಕುತ್ತು. ಮಲದಲ್ಲಿ ರಕ್ತ, 100.4 ಡಿಗ್ರಿ ಜ್ವರ, ಮೂತ್ರ ಕಡಿಮೆ, ತಲೆಸುತ್ತು ಇವುಗಳಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.