ಕೀಮೋ ಚೀಟಿಗೆ ಪದ ಬೇಕು: ವಾಕರಿಕೆಯೋ, ಹೊಟ್ಟೆ ತೊಳಸೋ?

ಕೋಲಾರದಿಂದ:
ಕ್ಯಾನ್ಸರಿಗೆ ಕೀಮೋ ಮುಗಿಸಿ ಮನೆಗೆ ಹೊರಟವರಿಗೆ ಕೊಡುವ ಒಂದು ಪುಟದ ಚೀಟಿ, ನಾಳೆ ಸಂಜೆ ಅಚ್ಚಿಗೆ. ಕರಡಿನಲ್ಲಿ ‘ವಾಂತಿಯಾದಾಗ ಮಾತ್ರೆ ನುಂಗಿ’ ಎಂದಿದೆ. ವಾಂತಿಯಾಗದೆ ಬರೀ ಸಂಕಟವಿದ್ದರೆ ಏನೆನ್ನಬೇಕು? ‘ವಾಕರಿಕೆ’ ನಡೆಯುತ್ತದೆಯೇ?

ತುಮಕೂರಿನಿಂದ:
ನಡೆಯದು. ಗಂಟಲಿಗೆ ಉಮ್ಮಳಿಸಿ ಬಂದು ಏನೂ ಹೊರಬಾರದಿದ್ದರೆ ಅದು ವಾಕರಿಕೆ. ಓಕರಿಕೆ ಎನ್ನುವುದೂ ಅದೇ; ತೆಲುಗಿನ ಓಕರಿಂತ, ತಮಿಳಿನ ಓಕ್ಕಾಳಂ ಒಂದೇ ಬಳ್ಳಿಯವು. ವಾಂತಿ ಸಂಸ್ಕೃತದ ‘ವಮ್’ ಧಾತುವಿನದು. ಕಕ್ಕು, ಕಾರು ಇರುವಾಗ ಎರವಲು ಏಕೆ?

ಚಿಕ್ಕಬಳ್ಳಾಪುರದಿಂದ:
‘ಕಕ್ಕು’ ಹಾಲು ಕುಡಿದ ಮಗುವಿಗೆ ಸರಿ, ಹಿರಿಯರಿಗೆ ಬರೆಯುವ ಮಾತಲ್ಲ. ವಾಂತಿ ಈ ಕಡೆಯ ತೆಲುಗು ಮನೆಮಾತಿನವರಿಗೂ ತಿಳಿಯುತ್ತದೆ, ಇರಲಿ. ಸಂಕಟಕ್ಕೆ ‘ಹೊಟ್ಟೆ ತೊಳಸುವುದು’ ಎಂದೇ ಬರೆಯಿರಿ. ‘ವಮನ’ ಬೇಡವೇ ಬೇಡ. ಪಂಚಕರ್ಮದಲ್ಲಿ ಅದು ಬೇಕೆಂದೇ ಮಾಡಿಸುವ ವಾಂತಿ.

ಪದಕ್ಕಿಂತ ಮೊದಲು ಆ ‘ವಾಂತಿಯಾದಾಗ’ ತೆಗೆಯಿರಿ. ಡೆಕ್ಸಾಮೆಥಸೋನ್, ಒಲಾಂಜಪಿನ್ ವಾಂತಿ ಬಾರದಂತೆ ತಡೆಯಲು ಕೊಡುವವು. ಬರೆದುಕೊಟ್ಟಷ್ಟು ದಿನ, ಆರಾಮಾಗಿದ್ದರೂ ನುಂಗಬೇಕು. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ಹಾಕಿಸಿಕೊಂಡವರಿಗೆ ಮೊದಲ ದಿನ ಏನೂ ಆಗದಿದ್ದರೂ 48ರಿಂದ 72 ಗಂಟೆಯ ಹೊತ್ತಿಗೆ ಜೋರಾಗಬಹುದು, ಅಷ್ಟರಲ್ಲಿ ಮಾತ್ರೆ ಬಿಟ್ಟಿರುತ್ತಾರೆ. ಡೆಕ್ಸಾ ಬೆಳಿಗ್ಗೆ ತಿಂಡಿಯಾದ ಮೇಲೆ. ಸಂಜೆ ನುಂಗಿದರೆ ನಿದ್ದೆ ಕೆಡುತ್ತದೆ. ಒಲಾಂಜಪಿನ್ ತೂಕಡಿಕೆ ತರುವುದರಿಂದ ರಾತ್ರಿಗೆ. ವಾಂತಿ ತಡೆಯುವ ಇನ್ನೊಂದು ಔಷಧ ಒಂಡಾನ್ಸೆಟ್ರಾನ್‌ನಿಂದ ಮಲ ಕಟ್ಟಿಕೊಳ್ಳುತ್ತದೆ, ಕಟ್ಟಿದರೆ ಹೊಟ್ಟೆ ಇನ್ನಷ್ಟು ತೊಳಸುತ್ತದೆ. ಇದನ್ನೂ ಸೇರಿಸಿ.

ಕೋಲಾರದಿಂದ:
ಸರಿ, ತಿದ್ದಿದೆ. ಮುಂದಿನ ಸುತ್ತಿಗೆ ಬಂದಾಗ, ಸೂಜಿ ಚುಚ್ಚುವ ಮೊದಲೇ, ಆಸ್ಪತ್ರೆ ವಾಸನೆಗೇ ಬರುವ ವಾಂತಿಗೆ?

ತುಮಕೂರಿನಿಂದ:
ಮುನ್ನೋಕರಿಕೆ.

ಚಿಕ್ಕಬಳ್ಳಾಪುರದಿಂದ:
ಯಾರಿಗೂ ಅರ್ಥವಾಗದು. ‘ಕೀಮೋಗೆ ಮೊದಲೇ ಬರುವ ವಾಂತಿ’, ಸಾಕು. ಹಿಂದಿನ ಸುತ್ತಿನಲ್ಲಿ ಪಟ್ಟ ಪಾಡನ್ನು ಮೈ ನೆನಪಿಟ್ಟುಕೊಳ್ಳುವುದರಿಂದ ಇದು ಬರುತ್ತದೆ. ಒಮ್ಮೆ ಅಂಟಿಕೊಂಡರೆ ಮಾಮೂಲಿ ಮಾತ್ರೆಗಳು ಅಷ್ಟಾಗಿ ಕೇಳುವುದಿಲ್ಲ, ಆದ್ದರಿಂದ ಮೊದಲ ಸುತ್ತಿನಲ್ಲೇ ಬಿಗಿಯಾಗಿ ತಡೆಯಬೇಕು.

ತುಮಕೂರಿನಿಂದ:
ಹೀಗೆ ಒಂದೊಂದಕ್ಕೂ ಒಪ್ಪುತ್ತಾ ಹೋದರೆ ಕನ್ನಡದಲ್ಲಿ ವೈದ್ಯಪದವೇ ಹುಟ್ಟುವುದಿಲ್ಲ.

ಚಿಕ್ಕಬಳ್ಳಾಪುರದಿಂದ:
‘ವೈದ್ಯ’, ‘ಪದ’, ‘ಮಾತ್ರೆ’ ಎಲ್ಲವೂ ಸಂಸ್ಕೃತವೇ. ಅವನ್ನೂ ಕೀಳುತ್ತೀರಾ? ಆ ಜಗಳಕ್ಕೆ ಬೇರೆ ಎಳೆ ತೆರೆಯಿರಿ. ಚೀಟಿಯಲ್ಲಿ ದಪ್ಪಕ್ಷರದ ಸಾಲು ಇನ್ನೂ ಬಾಕಿಯಿದೆ: ‘24 ಗಂಟೆ ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ, ರಾತ್ರಿಯಾದರೂ ಫೋನ್ ಮಾಡಿ.’ ಫೋನ್ ಎಂದೇ ಇರಲಿ.